ಬೀದಿಯಿಂದ ರಸ್ತೆಗೆ: ಬೆಂಗಳೂರಿನ ಬಡಾವಣೆಗಳು ಮತ್ತು ನಗರ ಸಾರಿಗೆ ನೀತಿ – ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಬೆಂಗಳೂರಿನ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಕೋಟೆ, ಕೆರೆ, ದೇವಾಲಯ, ದಂಡು ಪ್ರದೇಶ, ಗಿರಣಿ, ಕಾರ್ಖಾನೆಗಳಿಗೆ ದೊರೆತ ಗಮನ ಬೀದಿಗಳಿಗೆ ದೊರೆತದ್ದು ಕಡಿಮೆ. ಬೀದಿಯನ್ನು ಎಲ್ಲರೂ ನಿತ್ಯವೂ ಬಳಸುತ್ತಾರೆ. ಹಾಗೆ ಬಳಸುವುದರಿಂದಲೇ ಅದು ಪ್ರತ್ಯೇಕವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಂದು ನಗರದ ಆಡಳಿತವು ತನ್ನ ನಿವಾಸಿಗಳನ್ನು ಹೇಗೆ ಕಾಣುತ್ತದೆ ಎಂಬುದಕ್ಕೆ ಬೀದಿಯಷ್ಟು ನೇರವಾದ ಸಾಕ್ಷ್ಯ ಇನ್ನೊಂದು ದೊರೆಯುವುದು ಕಷ್ಟ. ನಡೆಯುವವರಿಗೆ ಎಷ್ಟು ಅಡಿ, ವಾಹನಕ್ಕೆ ಎಷ್ಟು ಅಡಿ, ಮರಕ್ಕೆ ಎಷ್ಟು ಅಡಿ, ಮಾರುವವರಿಗೆ ಎಷ್ಟು ಅಡಿ ಎಂಬ ಹಂಚಿಕೆಯಲ್ಲಿ ಆಯಾ ಕಾಲದ ರಾಜಕೀಯ ಹಾಗೂ ಸಾಮಾಜಿಕ ತೀರ್ಮಾನಗಳು ಅಡಗಿರುತ್ತವೆ.

ಈ ವಿಚಾರಕ್ಕೆ ಕನ್ನಡದ ಪದಗಳೇ ಬೆಳಕು ನೀಡುತ್ತವೆ. ‘ಕೇರಿ’ ಎಂದರೆ ದಾರಿಯೂ ಹೌದು, ಆ ದಾರಿಯ ಎರಡೂ ಬದಿಗೆ ಬದುಕುವ ಜನಸಮುದಾಯವೂ ಹೌದು. ಸಂಸ್ಕೃತದ ‘ವೀಥಿ’ಯಿಂದ ಬಂದ ‘ಬೀದಿ’ಯೂ ಬಳಕೆಯಲ್ಲಿ ಇದೇ ಅರ್ಥವನ್ನು ಪಡೆದಿದೆ, ‘ನಮ್ಮ ಬೀದಿಯವರು’ ಎಂಬ ಮಾತಿನಲ್ಲಿ ನೆರೆಹೊರೆಯ ಸಂಬಂಧವಿದೆ. ಪಾರಸಿ ಮೂಲದ ‘ರಸ್ತೆ’ ಎಂಬ ಪದದಲ್ಲಿ ಸಂಚಾರದ ಮಾರ್ಗವೆಂಬ ಅರ್ಥವೇ ಪ್ರಧಾನ. ಬೀದಿಯಲ್ಲಿ ಜನ ಇರುತ್ತಾರೆ, ರಸ್ತೆಯಲ್ಲಿ ಹಾದುಹೋಗುತ್ತಾರೆ. ಬೆಂಗಳೂರಿನ ಬಡಾವಣೆಗಳ ಕಳೆದ ಒಂದೂಕಾಲು ಶತಮಾನದ ಚರಿತ್ರೆಯನ್ನು, ಬೀದಿಗಳು ಒಂದೊಂದಾಗಿ ರಸ್ತೆಗಳಾಗಿ ಮಾರ್ಪಟ್ಟ ಚರಿತ್ರೆಯೆಂದು ಓದಲು ಸಾಧ್ಯವಿದೆ. 1898ರ ಪ್ಲೇಗಿನಿಂದ 2025ರವರೆಗಿನ ಅವಧಿಯಲ್ಲಿ ಈ ಮಾರ್ಪಾಟು ಹೇಗೆ ನಡೆಯಿತು, ಅದಕ್ಕೆ ಯಾವ ನೀತಿಗಳು ಕಾರಣವಾದವು, ಅದನ್ನು ತಿದ್ದುವ ಯತ್ನಗಳು ಎಲ್ಲಿ ಸಫಲವಾದವು, ಎಲ್ಲಿ ಎಡವಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೇಟೆಯ ಬೀದಿಗಳು

ಮೊದಲನೆಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದರೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ವಿಷಯ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಹೊಡೆದು ಮುಖ್ಯ ಬೀದಿಗಳ ಗೆರೆಯನ್ನು ಗುರುತಿಸಲಾಯಿತೆಂಬುದು ಐತಿಹ್ಯ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಮುಂತಾದ ಹೆಸರುಗಳು ಸರಕನ್ನೋ ಕಸುಬನ್ನೋ ಸೂಚಿಸುತ್ತವೆ. ಇಲ್ಲಿ ವಾಸ, ಕಸುಬು ಮತ್ತು ವ್ಯಾಪಾರಗಳು ಒಂದೇ ಬೀದಿಯಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ ನಡೆಯುತ್ತಿದ್ದವು. ಆದ್ದರಿಂದ ದಿನದ ಬಹುಪಾಲು ಓಡಾಟ ಕಾಲ್ನಡಿಗೆಯಲ್ಲೇ ಮುಗಿಯುತ್ತಿತ್ತು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗವು ಇದೇ ಬೀದಿಗಳಲ್ಲಿ ಸಂಚರಿಸಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಭೇಟಿ ನೀಡುತ್ತದೆ. ಬೀದಿಯೆಂಬುದು ಜನ ಸೇರುವ ಸ್ಥಳವೂ ಆಗಿತ್ತೆಂಬುದಕ್ಕೆ ಅದು ಜೀವಂತ ನಿದರ್ಶನ.

ಹಾಗೆಂದು ಪೇಟೆಯ ಬದುಕನ್ನು ಆದರ್ಶವೆಂದು ಭಾವಿಸುವುದು ಸರಿಯಾಗದು. ಹತ್ತೊಂಬತ್ತನೆಯ ಶತಮಾನದ ಅಂತ್ಯದ ವೇಳೆಗೆ ಪೇಟೆಯು ಕಿಕ್ಕಿರಿದು, ಗಾಳಿ ಬೆಳಕುಗಳಿಲ್ಲದ ಮನೆಗಳಿಂದ, ತೆರೆದ ಚರಂಡಿಗಳಿಂದ ಕೂಡಿತ್ತು. ಕೇರಿ ಎಂಬ ಪದದೊಳಗೆ ಜಾತಿಯ ಗಡಿಯೂ ಇತ್ತು. ಯಾರು ಯಾವ ಕೇರಿಯಲ್ಲಿ ನಡೆಯಬಹುದು ಎಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು. 1809ರಲ್ಲಿ ಸ್ಥಾಪಿತವಾದ ದಂಡು ಪ್ರದೇಶವು ಅಗಲವಾದ ರಸ್ತೆಗಳು, ಕವಾಯತು ಮೈದಾನ ಮತ್ತು ತೋಟದ ಬಂಗಲೆಗಳೊಂದಿಗೆ ಬೇರೊಂದೇ ಊರಾಗಿ ಬೆಳೆಯಿತು. 1862ರಿಂದ ಇವೆರಡಕ್ಕೂ ಪ್ರತ್ಯೇಕ ಪುರಸಭೆಗಳಿದ್ದವು. 1864ರಲ್ಲಿ ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ, 1882ರ ವೇಳೆಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ಸಂಪರ್ಕ ಏರ್ಪಟ್ಟಿತು.

ಪ್ಲೇಗು ಮತ್ತು ಹೊಸ ಬಡಾವಣೆಗಳು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ತಲುಪಿತು. ಅದು ಬಂದದ್ದು ರೈಲಿನ ಹಾದಿಯನ್ನು ಹಿಡಿದು. ಸಾವಿರಾರು ಜನ ಮಡಿದರು. ಬದುಕಿದ್ದವರು ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಊರ ಹಲವೆಡೆ ಹುಟ್ಟಿಕೊಂಡ ಪ್ಲೇಗಮ್ಮನ ಗುಡಿಗಳು ಆ ಭೀತಿಯ ಕುರುಹುಗಳಾಗಿವೆ. ಚಾಮರಾಜಪೇಟೆ ಮತ್ತು ಶೇಷಾದ್ರಿಪುರಂಗಳು 1892ರ ಸುಮಾರಿಗೇ ರೂಪುಗೊಂಡಿದ್ದರೂ, ಮಲ್ಲೇಶ್ವರ ಹಾಗೂ ಬಸವನಗುಡಿ ಬಡಾವಣೆಗಳ ನಿರ್ಮಾಣಕ್ಕೆ ತೀವ್ರತೆ ಬಂದದ್ದು ಈ ಮಾರಿಯಿಂದ. ದಂಡಿನ ಕಡೆಯಲ್ಲಿ 1906ರಲ್ಲಿ ಆರಂಭವಾದ ಫ್ರೇಜರ್ ಟೌನ್ ಕೂಡ ಇದೇ ಅನುಭವದ ಫಲ.

ಈ ಬಡಾವಣೆಗಳ ವಿನ್ಯಾಸವನ್ನು ಗಮನಿಸಿದರೆ, ಅಲ್ಲಿ ರಸ್ತೆಯ ಅಗಲವನ್ನು ನಿರ್ಧರಿಸಿದ್ದು ವಾಹನವಲ್ಲ, ಆರೋಗ್ಯ ಎಂಬುದು ಸ್ಪಷ್ಟವಾಗುತ್ತದೆ. ಮೋಟಾರು ವಾಹನಗಳು ಇನ್ನೂ ಬಾರದಿದ್ದ ಆ ಕಾಲದಲ್ಲಿ ಅಷ್ಟು ಅಗಲದ ಬೀದಿಗಳನ್ನು ಬಿಟ್ಟದ್ದು ಗಾಳಿ ಬೆಳಕುಗಳು ಮನೆಯೊಳಕ್ಕೆ ಬರಲೆಂದು. ನೇರವಾದ ಮುಖ್ಯರಸ್ತೆಗಳು, ಅವುಗಳನ್ನು ಸಮಾನಾಂತರದಲ್ಲಿ ಕತ್ತರಿಸುವ ಅಡ್ಡರಸ್ತೆಗಳು, ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ, ಉದ್ಯಾನ, ಮಾರುಕಟ್ಟೆ, ಶಾಲೆಗಳಿಗೆ ಕಾದಿರಿಸಿದ ನೆಲ – ಇವೆಲ್ಲ ಒಂದೇ ಯೋಜನೆಯ ಅಂಗಗಳಾಗಿದ್ದವು. ಮಲ್ಲೇಶ್ವರದ ಸಂಪಿಗೆ ರಸ್ತೆ, ಬೇವಿನ ಇಂಗ್ಲಿಷ್ ಹೆಸರನ್ನು ಹೊತ್ತ ಮಾರ್ಗೋಸಾ ರಸ್ತೆಗಳಂತಹ ಹೆಸರುಗಳಲ್ಲಿ ಮರವೂ ಬೀದಿಯ ಭಾಗವೆಂಬ ಭಾವನೆ ಕಾಣುತ್ತದೆ.

ಮನೆಗಳ ಹಿಂಬದಿಯಲ್ಲಿ ಹಾದುಹೋಗುವ ಕಿರಿದಾದ ‘ಕನ್ಸರ್ವೆನ್ಸಿ’ ಓಣಿಗಳು ಈ ಬಡಾವಣೆಗಳ ಇನ್ನೊಂದು ವೈಶಿಷ್ಟ್ಯ. ಒಳಚರಂಡಿ ಬರುವುದಕ್ಕೆ ಮುಂಚೆ ಮಲವನ್ನು ಹೊತ್ತು ಸಾಗಿಸುವ ಪುರಸಭೆಯ ಕೆಲಸಗಾರರು ಮನೆಯ ಮುಂಭಾಗಕ್ಕೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಬಿಟ್ಟ ದಾರಿ ಇದು. ಮುಂದಿನ ಬೀದಿಯ ಸೊಬಗು ಹಿಂದಿನ ಓಣಿಯ ಅವಮಾನದ ಮೇಲೆ ನಿಂತಿತ್ತು ಎಂಬುದನ್ನು ಮರೆಯುವಂತಿಲ್ಲ. ನಿವೇಶನಗಳ ಹಂಚಿಕೆಯಲ್ಲಿಯೂ ಜಾತಿ ಮತಗಳ ಆಧಾರದ ಮೇಲೆ ಭಾಗಗಳನ್ನು ಗುರುತಿಸಲಾಗಿತ್ತು. ಆದರೂ ಒಂದು ಮುಖ್ಯ ತತ್ತ್ವವನ್ನು ಈ ಯೋಜನೆಗಳು ಸ್ಥಾಪಿಸಿದವು: ಬೀದಿಯ ಅಳತೆಯನ್ನು ಅಲ್ಲಿ ವಾಸಿಸುವವರ ದೇಹದ ಆರೋಗ್ಯವನ್ನು ನೋಡಿ ನಿಗದಿಪಡಿಸಬೇಕು ಎಂಬುದೇ ಆ ತತ್ತ್ವ.

ನೆರಳು, ನಡಿಗೆ, ಬಸ್ಸು

1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ಬೆಳಕು ಬಂದಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕ್ರುಂಬಿಗಲ್ ಅವರು, ಒಂದು ಜಾತಿಯ ಮರದ ಹೂವು ಉದುರುವ ವೇಳೆಗೆ ಇನ್ನೊಂದು ಜಾತಿಯದು ಅರಳುವಂತೆ ಸಾಲುಮರಗಳನ್ನು ಆರಿಸಿ ನೆಡಿಸಿದರು. ಮದರಾಸು, ಕಲ್ಕತ್ತ, ಮುಂಬಯಿಗಳಲ್ಲಿ ಇದ್ದಂತಹ ಟ್ರಾಮ್ ಗಾಡಿ ಬೆಂಗಳೂರಿನಲ್ಲಿ ಓಡಲಿಲ್ಲ. ಜಟಕಾ, ಎತ್ತಿನ ಗಾಡಿ, ಸೈಕಲ್ಲು ಮತ್ತು ಕಾಲ್ನಡಿಗೆಗಳೇ ಬಹುಕಾಲ ಇಲ್ಲಿನ ಸಾರಿಗೆಯಾಗಿದ್ದವು. ಸಾಲುಮರದ ನೆರಳು ಈ ಸಾರಿಗೆಗೆ ಅಲಂಕಾರವಾಗಿರದೆ ಅಗತ್ಯವಾಗಿತ್ತು. ಬಿಸಿಲಿನಲ್ಲಿ ಒಂದು ಮೈಲಿ ನಡೆಯುವುದಕ್ಕೂ ನೆರಳಿನಲ್ಲಿ ನಡೆಯುವುದಕ್ಕೂ ಇರುವ ಅಂತರ ನಡೆಯುವವರಿಗೆ ಮಾತ್ರ ತಿಳಿಯುತ್ತದೆ.

ಬಸವನಗುಡಿಯ ಗಾಂಧಿಬಜಾರನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಡಿ.ವಿ.ಜಿ., ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮೊದಲಾದವರ ಮನೆಗಳು ಇದರ ಆಸುಪಾಸಿನಲ್ಲಿದ್ದವು. ಹೂವಿನವರು, ಹಣ್ಣಿನವರು, ಗ್ರಂಥಿಗೆ ಅಂಗಡಿಗಳು, 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ, ಸಮೀಪದಲ್ಲೇ 1945ರಲ್ಲಿ ಸ್ಥಾಪನೆಯಾದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ – ಇವೆಲ್ಲ ನಡಿಗೆಯ ದೂರದಲ್ಲಿದ್ದವು. ಕನ್ನಡದ ಸಾಹಿತ್ಯ ಮತ್ತು ಸಾರ್ವಜನಿಕ ಜೀವನದ ಅನೇಕ ಮಾತುಕತೆಗಳು ಇಂತಹ ಬೀದಿಗಳಲ್ಲಿ ನಡೆದವೆಂದರೆ, ಅದಕ್ಕೆ ಬೀದಿಯ ಸ್ವರೂಪವೂ ಒಂದು ಕಾರಣ. ಕಾರ್ತೀಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ಬಸವನಗುಡಿಯ ದೇವಾಲಯದ ಮುಂದಿನ ರಸ್ತೆ ವಾಹನಗಳನ್ನು ಬದಿಗಿಟ್ಟು ಮತ್ತೆ ಬೀದಿಯಾಗುತ್ತದೆ.

ನಗರ ಬಸ್ಸಿನ ಚರಿತ್ರೆ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯಿಂದ ವ್ಯವಸ್ಥಿತ ರೂಪವನ್ನು ಪಡೆಯಿತು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಎನಿಸಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ಆಡಳಿತಕ್ಕೆ ಬಂದಿತು. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಾಗಿ ಬೇರ್ಪಟ್ಟಿತು. ಬಿ.ಟಿ.ಎಸ್. ಎಂದರೆ ‘ಬಿಟ್ಟರೆ ತಿರುಗಿ ಸಿಗೋದಿಲ್ಲ’ ಎಂದು ಜನ ಹಾಸ್ಯ ಮಾಡಿದರು. ಆ ಹಾಸ್ಯದಲ್ಲಿ ಬಸ್ಸುಗಳ ಕೊರತೆಯ ಬಗ್ಗೆ ದೂರು ಇದೆ. ಅದರೊಡನೆಯೇ, ಬಸ್ಸು ಎಲ್ಲ ವರ್ಗಗಳ ಜನರೂ ಕಾಯುತ್ತಿದ್ದ ವಾಹನವಾಗಿತ್ತೆಂಬ ಸೂಚನೆಯೂ ಇದೆ.

1945ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ವಿಶ್ವಸ್ತ ಮಂಡಳಿಯು ಪ್ಲೇಗಿನ ಕಾಲದ ಪರಂಪರೆಯನ್ನು ಮುಂದುವರಿಸಿತು. 1948ರಲ್ಲಿ ಜಯನಗರಕ್ಕೆ, 1949ರಲ್ಲಿ ರಾಜಾಜಿನಗರಕ್ಕೆ ಶಂಕುಸ್ಥಾಪನೆಯಾಯಿತು. ಜಯನಗರವನ್ನು ಬ್ಲಾಕುಗಳಾಗಿ ವಿಂಗಡಿಸಿ, ಉದ್ಯಾನ, ಶಾಲೆ, ಅಂಗಡಿಗಳು ಮನೆಗಳಿಗೆ ಹತ್ತಿರವಿರುವಂತೆ ಏರ್ಪಾಟು ಮಾಡಲಾಯಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್, ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮುಂತಾದ ಉದ್ಯಮಗಳು ವಸತಿಗೃಹ, ಶಾಲೆ, ಆಸ್ಪತ್ರೆ, ಆಟದ ಬಯಲುಗಳನ್ನು ಕಾರ್ಖಾನೆಯ ಸನಿಹದಲ್ಲೇ ಕಟ್ಟಿಸಿದವು. ದೂರದಿಂದ ಬರುವ ನೌಕರರನ್ನು ಕಂಪನಿಯ ಬಸ್ಸುಗಳು ಕರೆತಂದವು. ಕೆಲಸ ಮತ್ತು ವಾಸಗಳ ನಡುವಿನ ದೂರ ಕಡಿಮೆಯಿದ್ದರೆ ಸಾರಿಗೆಯ ಸಮಸ್ಯೆಯೂ ಕಡಿಮೆ ಎಂಬ ಸರಳ ಸತ್ಯವನ್ನು ಈ ವ್ಯವಸ್ಥೆ ಅರಿತಿತ್ತು.

ರಸ್ತೆಯ ಅಗಲವೆಂಬ ಮಂತ್ರ

1951ರ ಜನಗಣತಿಯ ವೇಳೆಗೆ ಸುಮಾರು 7.8 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1981ರಲ್ಲಿ ಸುಮಾರು 29 ಲಕ್ಷಕ್ಕೂ 2001ರಲ್ಲಿ ಸುಮಾರು 57 ಲಕ್ಷಕ್ಕೂ ಏರಿತು. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷಕ್ಕೂ ಹೆಚ್ಚು ಜನರಿದ್ದರು. 1976ರಲ್ಲಿ ರಚಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹೊಸ ಬಡಾವಣೆಗಳನ್ನು ಮಾಡುತ್ತ ಹೋಯಿತಾದರೂ, ಅವುಗಳಿಗೂ ಉದ್ಯೋಗದ ಸ್ಥಳಗಳಿಗೂ ನಡುವೆ ಸಾರ್ವಜನಿಕ ಸಾರಿಗೆಯನ್ನು ಮೊದಲೇ ಹೆಣೆಯುವ ಹೊಣೆ ಯಾವ ಸಂಸ್ಥೆಯದೂ ಆಗಿರಲಿಲ್ಲ. ನಿವೇಶನ ಹಂಚುವುದು ಒಂದು ಸಂಸ್ಥೆಯ ಕೆಲಸ, ರಸ್ತೆ ಇನ್ನೊಂದರದು, ಬಸ್ಸು ಮತ್ತೊಂದರದು, ಸಂಚಾರ ನಿಯಂತ್ರಣ ಪೊಲೀಸರದು ಎಂಬ ವಿಭಜನೆ ಬೇರೂರಿತು. ಉಪನಗರ ರೈಲಿನ ಪ್ರಸ್ತಾವ 1980ರ ದಶಕದಿಂದಲೂ ಇದ್ದು, ಕೇಂದ್ರ ಸರ್ಕಾರದ ಅನುಮೋದನೆ ದೊರೆತದ್ದು 2020ರಲ್ಲಿ. ಈ ಅವಧಿಯ ಅಂತರವನ್ನು ತುಂಬಿದ್ದು ದ್ವಿಚಕ್ರ ವಾಹನ ಮತ್ತು ಕಾರು.

1990ರ ದಶಕದ ನಂತರ ಈ ಒತ್ತಡಕ್ಕೆ ದೊರೆತ ಉತ್ತರ ಬಹುಮಟ್ಟಿಗೆ ಒಂದೇ ಆಗಿತ್ತು: ರಸ್ತೆಯನ್ನು ಅಗಲ ಮಾಡುವುದು ಅಥವಾ ಮೇಲೆತ್ತುವುದು. ಹೊರವರ್ತುಲ ರಸ್ತೆ, 1999ರ ಸಿರ್ಸಿ ವೃತ್ತದ ಮೇಲ್ಸೇತುವೆ, 2001ರ ರಿಚ್‌ಮಂಡ್ ವೃತ್ತದ ಮೇಲ್ಸೇತುವೆ, 2003ರ ಹೆಬ್ಬಾಳ ಮೇಲ್ಸೇತುವೆ, 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ರಸ್ತೆ – ಹೀಗೆ ಈ ಸರಣಿ ಬೆಳೆಯಿತು. 2000ರ ದಶಕದಲ್ಲಿ ಹಲವು ಬೀದಿಗಳು ಏಕಮುಖ ಸಂಚಾರದ ರಸ್ತೆಗಳಾದವು. ವಾಹನದ ವೇಗ ಹೆಚ್ಚಿತು; ಅದರೊಡನೆ ಬೀದಿಯನ್ನು ದಾಟುವ ಕಷ್ಟವೂ ಹೆಚ್ಚಿತು. ಹೋಗುವಾಗಿನ ನಿಲ್ದಾಣ ಒಂದು ಬೀದಿಯಲ್ಲಿ, ಬರುವಾಗಿನದು ಮತ್ತೊಂದು ಬೀದಿಯಲ್ಲಿ ಎಂದಾದಾಗ ಬಸ್ಸಿನ ಪ್ರಯಾಣಿಕರಿಗೆ ನಡಿಗೆ ಹೆಚ್ಚಾಯಿತು. ನಡೆಯಬೇಕಾದ ಕಾಲುಹಾದಿ ಮಾತ್ರ ಕಿರಿದಾಯಿತು.

ಅಗಲೀಕರಣದ ಹಿಂದಿರುವ ಊಹೆ ಸರಳವಾದದ್ದು: ದಾರಿ ದೊಡ್ಡದಾದರೆ ದಟ್ಟಣೆ ಕರಗುತ್ತದೆ. ಆದರೆ ಪ್ರಪಂಚದ ಅನೇಕ ನಗರಗಳ ಅನುಭವ ಇದಕ್ಕೆ ವಿರುದ್ಧವಾಗಿದೆ. ದಾರಿ ಸಲೀಸಾದಾಗ ಹಿಂದೆ ಬಸ್ಸಿನಲ್ಲಿ ಹೋಗುತ್ತಿದ್ದವರು ಸ್ವಂತ ವಾಹನಕ್ಕೆ ಬದಲಾಗುತ್ತಾರೆ. ಇನ್ನೂ ದೂರದಲ್ಲಿ ಮನೆ ಕಟ್ಟುವುದು ಸಾಧ್ಯವಾಗುತ್ತದೆ. ಕೆಲವೇ ವರ್ಷಗಳಲ್ಲಿ ಹೊಸ ಅಗಲವೂ ತುಂಬುತ್ತದೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ 2023ರ ವೇಳೆಗೆ ಒಂದು ಕೋಟಿಯನ್ನು ದಾಟಿತ್ತು. ಮೇಲ್ಸೇತುವೆ ಇಳಿಯುವ ಸ್ಥಳದಲ್ಲಿ ದಟ್ಟಣೆ ಮತ್ತೆ ಕೂಡಿಕೊಳ್ಳುವುದನ್ನು ಹೆಬ್ಬಾಳದಲ್ಲಿ ನಗರದ ಜನ ಬಹುಕಾಲ ಕಂಡಿದ್ದಾರೆ.

ಈ ಪ್ರಕ್ರಿಯೆಗೆ ಇನ್ನೊಂದು ಆಯಾಮವೂ ಇದೆ. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ – 2015 ವಸತಿ ಪ್ರದೇಶಗಳಲ್ಲಿ ವಾಣಿಜ್ಯ ಬಳಕೆಗೆ ಅವಕಾಶವನ್ನು ವಿಸ್ತರಿಸಿತು. ನಿವೇಶನವೊಂದರಲ್ಲಿ ಎಷ್ಟು ಚದರಡಿ ಕಟ್ಟಬಹುದು, ಅದನ್ನು ಯಾವ ಉದ್ದೇಶಕ್ಕೆ ಬಳಸಬಹುದು ಎಂಬುದನ್ನು ಮುಂದಿನ ರಸ್ತೆಯ ಅಗಲದೊಡನೆ ಬೆಸೆಯಲಾಯಿತು. ಅಗಲೀಕರಣಕ್ಕೆ ನೆಲ ಬಿಟ್ಟುಕೊಟ್ಟವರಿಗೆ ನಗದಿನ ಬದಲು ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ನೀಡುವ ಕ್ರಮವೂ ಜಾರಿಗೆ ಬಂದಿತು. ಹೀಗೆ ಪ್ಲೇಗಿನ ಕಾಲದಲ್ಲಿ ಆರೋಗ್ಯದ ಅಳತೆಯಾಗಿದ್ದ ಬೀದಿಯ ಅಗಲವು ಈಗ ನೆಲದ ಬೆಲೆಯ ಅಳತೆಯಾಯಿತು. ಬಡಾವಣೆಯ ಒಳರಸ್ತೆಗಳು ವಾಣಿಜ್ಯ ಬೀದಿಗಳಾದಾಗ ಅಲ್ಲಿಗೆ ಬರುವವರ ವಾಹನಗಳು ಕಾಲುಹಾದಿಯನ್ನೇ ನಿಲ್ದಾಣ ಮಾಡಿಕೊಂಡವು. ಮಕ್ಕಳ ಆಟ, ವೃದ್ಧರ ಸಂಜೆಯ ನಡಿಗೆಗಳು ಬೀದಿಯಿಂದ ಹಿಂದೆ ಸರಿದವು. ಹಳೆಯ ಕನ್ಸರ್ವೆನ್ಸಿ ಓಣಿಗಳಲ್ಲಿ ಅನೇಕವು ಒತ್ತುವರಿಗೋ ಕಸದ ರಾಶಿಗೋ ತುತ್ತಾದವು.

ಮರದ ಬುಡದಲ್ಲಿ ನಿಂತ ಜನ

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನಗರದಲ್ಲಿ ನೆಡಲಾಯಿತು. ಬಡಾವಣೆಗಳ ನಿವಾಸಿಗಳು ತಮ್ಮ ಮನೆಯ ಮುಂದಿನ ಸಸಿಗೆ ನೀರೆರೆದು ಬೆಳೆಸಿದರು. ಈ ಮರಗಳು ದೊಡ್ಡವಾಗುವ ಹೊತ್ತಿಗೆ ರಸ್ತೆ ಅಗಲೀಕರಣದ ಗುರುತುಗಳು ಅವುಗಳ ಮೇಲೆ ಬಿದ್ದವು. 2005ರ ನಂತರ ‘ಹಸಿರು ಉಸಿರು’ ಎಂಬ ಹೆಸರಿನಲ್ಲಿ ಒಗ್ಗೂಡಿದ ನಾಗರಿಕರು ಮರ ಕಡಿಯುವುದರ ವಿರುದ್ಧ ದನಿಯೆತ್ತಿದರು. ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2011ರಲ್ಲಿ ಸ್ಯಾಂಕಿ ಕೆರೆಯ ಪಕ್ಕದ ರಸ್ತೆಯ ಅಗಲೀಕರಣಕ್ಕೆ ಮಲ್ಲೇಶ್ವರ, ಸದಾಶಿವನಗರಗಳ ನಿವಾಸಿಗಳು ಪ್ರತಿರೋಧ ತೋರಿದರು.

2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಲಾಲ್‌ಬಾಗಿನ ಗೋಡೆಯ ಭಾಗವನ್ನು ಕೆಡವಿ, ಜಯನಗರದ ನಂದಾ ರಸ್ತೆಯ ಮರಗಳನ್ನು ಕಡಿದಾಗ ನಡೆದ ಪ್ರತಿಭಟನೆ ವಿಶೇಷ ಪರಿಶೀಲನೆಗೆ ಅರ್ಹವಾದುದು. ಮೆಟ್ರೋ ಸಾರ್ವಜನಿಕ ಸಾರಿಗೆ. ಸಾವಿರಾರು ಜನರನ್ನು ಕಾರು, ದ್ವಿಚಕ್ರಗಳಿಂದ ಬಿಡಿಸಬಲ್ಲ ಸಾಧನ. ಅದನ್ನು ವಿರೋಧಿಸುವುದು ನಗರದ ಹಿತಕ್ಕೆ ವಿರುದ್ಧವೆಂದು ಅನೇಕರು ವಾದಿಸಿದರು. ಆದರೆ ಪ್ರತಿಭಟನಕಾರರಲ್ಲಿ ಹಲವರ ಆಕ್ಷೇಪ ಮೆಟ್ರೋದ ಬಗ್ಗೆ ಇರಲಿಲ್ಲ; ಬಡಾವಣೆಯ ಜನರನ್ನು ಕೇಳದೆ ಬಡಾವಣೆಯ ಬೀದಿಯನ್ನು ಬದಲಿಸುವ ಕ್ರಮದ ಬಗ್ಗೆ ಇತ್ತು. ಒಳ್ಳೆಯ ಸಾರಿಗೆಯೂ ಕೆಟ್ಟ ಕ್ರಮದಲ್ಲಿ ಬಂದಾಗ ನೆರೆಹೊರೆಗೆ ಹಾನಿಯಾಗಬಹುದು ಎಂಬ ಪಾಠ ಇಲ್ಲಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗಿನ ಮೊದಲ ಮಾರ್ಗ ತೆರೆಯಿತು. 2017ರಲ್ಲಿ 42 ಕಿಲೋಮೀಟರಿನ ಮೊದಲ ಹಂತ ಪೂರ್ಣವಾಯಿತು. ಮೆಟ್ರೋದ ಉಪಯುಕ್ತತೆ ಇಂದು ನಿರ್ವಿವಾದ. ಆದರೆ ನಿಲ್ದಾಣದ ಮೆಟ್ಟಿಲಿಳಿದ ಪ್ರಯಾಣಿಕರಿಗೆ ಮನೆಯವರೆಗೆ ನಡೆಯಲು ಕಾಲುಹಾದಿ ಇದೆಯೇ ಎಂಬ ಪ್ರಶ್ನೆ ಆ ಯೋಜನೆಯ ಹೊರಗೇ ಉಳಿದುಬಂದಿತು.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟುವ ಯೋಜನೆ ಪ್ರಕಟವಾಯಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳ ಸಂಖ್ಯೆ 812. ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ರಸ್ತೆಯ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ನೀಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬೆಂಗಳೂರಿನಲ್ಲಿ ಬೃಹತ್ ರಸ್ತೆ ಯೋಜನೆಯೊಂದು ಜನಾಭಿಪ್ರಾಯಕ್ಕೆ ಮಣಿದ ಪ್ರಸಂಗವಾಗಿ ಇದು ಚಾರಿತ್ರಿಕ ಮಹತ್ವವನ್ನು ಪಡೆದಿದೆ. ಆದರೆ ಅದರ ಹಿಂದಿನ ಚಿಂತನೆ ಅಷ್ಟು ಸುಲಭವಾಗಿ ಹಿಂದೆ ಸರಿಯಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾವ 2025ರಲ್ಲಿ ಎಬ್ಬಿಸಿದ ಚರ್ಚೆಯಲ್ಲಿ ಲಾಲ್‌ಬಾಗು ಮತ್ತು ಸ್ಯಾಂಕಿ ಕೆರೆಗಳ ಹೆಸರು ಮತ್ತೆ ಕೇಳಿಬಂದವು.

ನೀತಿಯ ಮಾತು, ಬೀದಿಯ ವಾಸ್ತವ

2006ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಕೇಂದ್ರ ತತ್ತ್ವ, ಸಾಗಿಸಬೇಕಾದದ್ದು ಜನರನ್ನೇ ಹೊರತು ವಾಹನಗಳನ್ನಲ್ಲ ಎಂಬುದು. ರಸ್ತೆಯ ಜಾಗವನ್ನು ಹಂಚುವಾಗ ಪಾದಚಾರಿ, ಸೈಕಲ್ ಸವಾರ ಹಾಗೂ ಬಸ್ಸಿನ ಪ್ರಯಾಣಿಕರಿಗೆ ನ್ಯಾಯವಾದ ಪಾಲು ಸಿಗಬೇಕೆಂದು ಅದು ಹೇಳಿತು. ಬಸ್ಸೊಂದು ಎರಡು ಮೂರು ಕಾರುಗಳ ಜಾಗದಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಸಾಗಿಸುತ್ತದೆ ಎಂಬುದನ್ನು ನೆನೆದರೆ ಈ ತತ್ತ್ವದ ತರ್ಕ ತಿಳಿಯುತ್ತದೆ. 2007ರಲ್ಲಿ ಕರ್ನಾಟಕ ಸರ್ಕಾರ ನಗರ ಭೂಸಾರಿಗೆ ನಿರ್ದೇಶನಾಲಯವನ್ನು ಸ್ಥಾಪಿಸಿತು. ಹಲವು ಸಂಸ್ಥೆಗಳನ್ನು ಒಂದೇ ಚೌಕಟ್ಟಿಗೆ ತರುವ ಉದ್ದೇಶದ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ ಶಾಸನದ ಬಲ ದೊರೆತದ್ದು 2022ರ ಕಾಯಿದೆಯಿಂದ.

ಈ ಅವಧಿಯ ಪ್ರಯೋಗಗಳನ್ನು ನೋಡಿದರೆ ಒಂದು ಮಾದರಿ ಗೋಚರಿಸುತ್ತದೆ. 2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಪಥಗಳನ್ನು ಗುರುತಿಸಲಾಯಿತು; ಬಹುಬೇಗ ಅವು ಕಾರುಗಳ ನಿಲ್ದಾಣಗಳಾದವು. 2019ರಲ್ಲಿ ಹೊರವರ್ತುಲ ರಸ್ತೆಯ ಕೆ.ಆರ್. ಪುರ – ಸಿಲ್ಕ್ ಬೋರ್ಡ್ ಭಾಗದಲ್ಲಿ ಬಸ್ ಆದ್ಯತಾ ಪಥ ಆರಂಭವಾಯಿತು. ಮೆಟ್ರೋ ಕಾಮಗಾರಿ ಬಂದಾಗ ಅದು ಅಳಿಯಿತು. ಟೆಂಡರ್‌ಶ್ಯೂರ್ ಯೋಜನೆಯಡಿ ನಗರದ ಕೇಂದ್ರಭಾಗದ ಕೆಲವು ರಸ್ತೆಗಳಲ್ಲಿ ಕೊಳವೆ, ತಂತಿಗಳನ್ನು ನೆಲದಡಿ ಕ್ರಮಬದ್ಧಗೊಳಿಸಿ ಅಗಲವಾದ ಕಾಲುಹಾದಿಗಳನ್ನು ನಿರ್ಮಿಸಿದ್ದು ಗಮನಾರ್ಹ ಸಾಧನೆ. 2018ರಲ್ಲಿ ಮರುರೂಪಗೊಂಡ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ಕಾಲ ವಾರಾಂತ್ಯಗಳಲ್ಲಿ ವಾಹನಗಳನ್ನು ತಡೆದಾಗ ಜನ ಸಂತೋಷದಿಂದ ಬಂದರು. ಆದರೆ ಇವುಗಳಲ್ಲಿ ಹೆಚ್ಚಿನವು ವಾಣಿಜ್ಯ ಕೇಂದ್ರದ ರಸ್ತೆಗಳು. ಗಾರ್ಮೆಂಟ್ ಕಾರ್ಖಾನೆಗೆ ಹೆಣ್ಣುಮಕ್ಕಳು ನಡೆದುಹೋಗುವ ಪೀಣ್ಯದ, ಬೊಮ್ಮನಹಳ್ಳಿಯ ರಸ್ತೆಗಳಲ್ಲ.

ಗಾಂಧಿಬಜಾರಿನ ಅನುಭವ ಇನ್ನೂ ಸಂಕೀರ್ಣ. 2022ರ ಕೊನೆಯಲ್ಲಿ ಅಲ್ಲಿ ಪಾದಚಾರಿಗಳಿಗೆ ಆದ್ಯತೆ ನೀಡುವ ಮರುವಿನ್ಯಾಸದ ಕೆಲಸ ಆರಂಭವಾದಾಗ, ಅಂಗಡಿಯವರೂ ಬೀದಿಬದಿಯ ಮಾರಾಟಗಾರರೂ ಆತಂಕಪಟ್ಟರು. ಕಾಮಗಾರಿ ಎಳೆದಷ್ಟೂ ಹೂವು ಹಣ್ಣು ಮಾರುವವರ ದಿನದ ಸಂಪಾದನೆಗೆ ಪೆಟ್ಟು ಬೀಳುತ್ತದೆ. ನಡೆಯುವವರಿಗಾಗಿ ಮಾಡುವ ಬೀದಿ ಮಾರುವವರನ್ನು ಹೊರಗಿಟ್ಟರೆ ಅದು ಬೀದಿಯಾಗಿ ಉಳಿಯುವುದಿಲ್ಲ; 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಹಕ್ಕನ್ನು ಗುರುತಿಸಿರುವುದೂ ಇದಕ್ಕಾಗಿಯೇ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕಾಲುಹಾದಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವನ್ನು ವಿಧಿಸುತ್ತದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಳಕೆಗೆ ಯೋಗ್ಯವಾದ ಕಾಲುಹಾದಿ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು. ರಸ್ತೆ ಅಪಘಾತಗಳಲ್ಲಿ ಮಡಿಯುವ ಬೆಂಗಳೂರಿಗರಲ್ಲಿ ದ್ವಿಚಕ್ರ ಸವಾರರ ನಂತರದ ದೊಡ್ಡ ಪಾಲು ಪಾದಚಾರಿಗಳದೇ ಎಂಬುದನ್ನು ಗಮನಿಸಿದರೆ, ಇಲ್ಲಿ ‘ಜೀವ’ ಎಂಬ ಪದ ಆಲಂಕಾರಿಕವಲ್ಲ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯು ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ಬಸ್ಸಿನ ದರದ ಅಡ್ಡಿ ನಿವಾರಣೆಯಾದ ಮೇಲೆ, ಮನೆಯಿಂದ ಬಸ್ ನಿಲ್ದಾಣದವರೆಗಿನ ದಾರಿಯ ಸುರಕ್ಷತೆಯ ಪ್ರಶ್ನೆ ಮತ್ತಷ್ಟು ಮುಖ್ಯವಾಗುತ್ತದೆ.

ತೀರ್ಮಾನಿಸುವವರು ಯಾರು?

ನೀತಿ ಸರಿಯಾಗಿದ್ದೂ ಬೀದಿ ಏಕೆ ಬದಲಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ಅಧಿಕಾರದ ರಚನೆಯಲ್ಲಿ ಹುಡುಕಬೇಕಾಗುತ್ತದೆ. ಮೇಲ್ಸೇತುವೆಗೆ ಒಂದು ಟೆಂಡರು, ಒಬ್ಬ ಗುತ್ತಿಗೆದಾರ, ಒಂದು ಉದ್ಘಾಟನೆ ಇರುತ್ತದೆ. ನೂರಾರು ಬೀದಿಗಳ ಕಾಲುಹಾದಿ, ನೆರಳು, ದಾಟುವ ಪಟ್ಟಿ, ಬಸ್ ತಂಗುದಾಣಗಳಿಗೆ ನಿತ್ಯದ ಎಚ್ಚರ ಬೇಕು. ಅದನ್ನು ವಹಿಸಬಲ್ಲವರು ಬಡಾವಣೆಗೆ ಹತ್ತಿರವಿರುವ ಚುನಾಯಿತ ಪ್ರತಿನಿಧಿ ಮತ್ತು ನಿವಾಸಿಗಳು. ಸಂವಿಧಾನದ 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಲ್ಪಿಸಿದ್ದು ಇದೇ ಕಾರಣಕ್ಕೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಬಳಿಕ 2025ರ ಕೊನೆಯವರೆಗೂ ಚುನಾಯಿತ ನಗರಾಡಳಿತ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ರಚನೆಯಾದವು. ಈ ಹೊಸ ರಚನೆಯ ಯಶಸ್ಸನ್ನು ಅಳೆಯುವಾಗ, ಬೀದಿಯ ಬಗೆಗಿನ ತೀರ್ಮಾನ ಬೀದಿಗೆ ಎಷ್ಟು ಹತ್ತಿರ ಬಂದಿತು ಎಂಬುದೂ ಒಂದು ಮಾನದಂಡವಾಗಬೇಕಾಗುತ್ತದೆ.

ನೆರೆಹೊರೆಯ ಸಂಘಗಳಿಗೂ ತಮ್ಮದೇ ಮಿತಿಗಳಿವೆ. ವಾಹನಗಳು ಬೇಡವೆನ್ನುವ ದನಿ ಕೆಲವೊಮ್ಮೆ ಹೊರಗಿನವರೇ ಬೇಡವೆನ್ನುವ ದನಿಯಾಗುತ್ತದೆ. ಮನೆಗೆಲಸದವರು, ತಳ್ಳುಗಾಡಿಯವರು, ಪೌರಕಾರ್ಮಿಕರು ಆ ಬೀದಿಯ ನಿವಾಸಿಗಳಲ್ಲದಿದ್ದರೂ ಬಳಕೆದಾರರು. ಜಾತಿಯ ಆಧಾರದಲ್ಲಿ ನಿವೇಶನ ಹಂಚಿದ ಬಡಾವಣೆಗಳ ಚರಿತ್ರೆ ಈ ವಿಷಯದಲ್ಲಿ ಎಚ್ಚರಿಕೆಯನ್ನು ಹೇಳುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಬೆಂಗಳೂರಿನ ಬೀದಿಯ ಅಳತೆಗೋಲು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಪೇಟೆಯಲ್ಲಿ ಕಸುಬು, ಪ್ಲೇಗಿನ ನಂತರ ಆರೋಗ್ಯ, ಇಪ್ಪತ್ತನೆಯ ಶತಮಾನದ ಕೊನೆಯಿಂದ ವಾಹನದ ವೇಗ ಮತ್ತು ನೆಲದ ಬೆಲೆ ಆ ಅಳತೆಗೋಲುಗಳಾದವು. 2006ರ ನೀತಿ ಹೊಸದೇನನ್ನೋ ಹೇಳಿತೆಂದು ಭಾವಿಸಬೇಕಾಗಿಲ್ಲ. ಮನುಷ್ಯನ ಒಳಿತನ್ನು ನೋಡಿ ಬೀದಿಯನ್ನು ಅಳೆಯಬೇಕೆಂಬ, ಈ ನಗರ ಒಮ್ಮೆ ಭಾರಿ ಬೆಲೆ ತೆತ್ತು ಕಲಿತ ಪಾಠವನ್ನೇ ಅದು ನೆನಪಿಸಿತು. ಆ ಪಾಠವನ್ನು ಕಲಿಸಲು 1898ರಲ್ಲಿ ಒಂದು ಮಹಾಮಾರಿ ಬೇಕಾಯಿತು.

ಮಲ್ಲೇಶ್ವರ, ಬಸವನಗುಡಿಗಳ ಹಿಂಬದಿಯ ಓಣಿಗಳನ್ನು ಶುಚಿಗೊಳಿಸಿ ನಡಿಗೆಯ ದಾರಿಗಳನ್ನಾಗಿ ಮಾಡಬೇಕೆಂಬ ಆಲೋಚನೆ ಈಚಿನ ವರ್ಷಗಳಲ್ಲಿ ಕೇಳಿಬರುತ್ತಿದೆ. ಒಂದು ಕಾಲದಲ್ಲಿ ಊರಿನ ಹೊಲಸನ್ನು ಹೊತ್ತವರು ಕಣ್ಣಿಗೆ ಬೀಳದಿರಲೆಂದು ಬಿಟ್ಟ ಆ ದಾರಿಯಲ್ಲಿ ಶಾಲೆಯ ಮಕ್ಕಳೂ ವೃದ್ಧರೂ ಪೌರಕಾರ್ಮಿಕರೂ ಒಟ್ಟಿಗೆ ನಿರ್ಭಯವಾಗಿ ನಡೆಯುವಂತಾದರೆ, ಅದು ಬೆಂಗಳೂರಿನ ಸಾರಿಗೆಯ ಚರಿತ್ರೆಯಲ್ಲಿ ಯಾವ ಮೇಲ್ಸೇತುವೆಗಿಂತಲೂ ಕಡಿಮೆಯಾದ ಘಟನೆಯಾಗಲಾರದು. ರಸ್ತೆಯನ್ನು ಮತ್ತೆ ಬೀದಿಯಾಗಿಸುವ ಕೆಲಸ ಅಲ್ಲಿಂದಲೂ ಆರಂಭವಾಗಬಹುದು.